ಐದು ಪ್ರಶ್ನಾರ್ಥಕ ಚಿಹ್ನೆ

ಏಪ್ರಿಲ್ 13, 2025, ಭಾನುವಾರ
ಮೈಸೂರು

ಸರಸ್ವತಿಪುರಂನ ಅಕ್ಕನ ಮನೆಯಿಂದ ಈಗಷ್ಟೇ ಬಂದೆ. ಅವಳ ಮಗನಿಗೆ ಬೇಸಿಗೆ ರಜೆ. ಪರೀಕ್ಷೆ ಮುಗಿಯಲಿ ಅಂತ ಕಾದು ಕೊಂಡ ಗೇಮ್ ಅವನ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಲೇ ಇರಲಿಲ್ಲ. ಐಕಾನ್ ಒತ್ತಿದರೆ ಕಪ್ಪು ಪರದೆ ಬರುತ್ತದೆ, ತಕ್ಷಣ ಮಾಯ. ಏನಾಯಿತು ಅಂತ ಒಂದು ಸಾಲೂ ಇಲ್ಲ. ರಿಪೇರಿ ಅಂಗಡಿಯವರು ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಬೇಕು ಅಂದಿದ್ದರಂತೆ. "ಸದ್ಯಕ್ಕೆ ಬೇಡ ಕಣಕ್ಕ, ಒಂದ್ಸಲ ನಾನು ನೋಡ್ತೀನಿ" ಅಂದಿದ್ದೆ.

ಹುಡುಗ ಮಾಮೂಲಿ ಮದ್ದುಗಳನ್ನೆಲ್ಲ ಮಾಡಿ ಮುಗಿಸಿದ್ದ. "ಮಾಮ, ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದೀನಿ. ಗೇಮ್ ಕೊಂಡ ಸ್ಟೀಮ್‌ನಲ್ಲಿ ಫೈಲ್ ವೆರಿಫೈ ಮಾಡಿದೀನಿ. ಗೇಮ್ ಓಡೋಕೆ ಬೇಕಾದ ವಿಷುಯಲ್ ಸಿ ಪ್ಲಸ್ ಪ್ಲಸ್ ಕೂಡ ಮತ್ತೆ ಹಾಕಿದೀನಿ" ಅಂದ. ಇವೆಲ್ಲ ಮಾಡಲೇಬೇಕಾದ ಕೆಲಸ. ಎಷ್ಟೋ ಗೇಮ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ಇದು ಹೋಗಲಿಲ್ಲ.

ಇಂಥ ಹೊತ್ತಲ್ಲಿ ಊಹೆ ನಿಲ್ಲಿಸಿ ವಿಂಡೋಸ್ ಏನು ಬರೆದುಕೊಂಡಿದೆ ಅಂತ ನೋಡಬೇಕು. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಅಂತ ಹುಡುಕಿ, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ತೆರೆದರೆ, ಪ್ರೋಗ್ರಾಮ್ ಕುಸಿದ ಪ್ರತಿ ಸಲದ್ದೂ ಕೆಂಪು ಗುರುತಿನ ಸಾಲು ಸಿಗುತ್ತದೆ. ಇವೆಂಟ್ ಐಡಿ 1000. ಅದರಲ್ಲಿ ಎರಡು ವಿಷಯ ಮುಖ್ಯ. ಒಂದು, ಯಾವ ಫೈಲ್‌ನಲ್ಲಿ ತಪ್ಪಾಯಿತು ಅನ್ನುವುದು. ಇನ್ನೊಂದು, ಎಕ್ಸೆಪ್ಷನ್ ಕೋಡ್. ಇಲ್ಲಿ ಕೋಡ್ ಸಿ0000005. ಅಂದರೆ ಪ್ರೋಗ್ರಾಮ್ ತನ್ನದಲ್ಲದ ಮೆಮೊರಿಗೆ ಕೈಹಾಕಿದೆ. ತಪ್ಪಾದ ಫೈಲ್ ಗ್ರಾಫಿಕ್ಸ್ ಡ್ರೈವರ್‌ನದ್ದಲ್ಲ, ಗೇಮ್‌ನದ್ದೇ. ಡ್ರೈವರ್ ಮೇಲಿನ ಅನುಮಾನ ಅಲ್ಲಿಗೆ ಕಡಿಮೆಯಾಯಿತು.

ಗೇಮ್ ಇನ್‌ಸ್ಟಾಲ್ ಆದ ಫೋಲ್ಡರ್‌ನಲ್ಲಿ, ಅದು ಮಾಡಿದ ಕೆಲಸ ಬರೆದಿಡುವ ಒಂದು ಲಾಗ್ ಫೈಲ್ ಇತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಕೊನೆಯ ಸಾಲು: ಸಿ:\ಯೂಸರ್ಸ್\?????\ಆಪ್‌ಡೇಟಾ. ಈ ಜಾಗದಲ್ಲಿ ಫೈಲ್ ತೆರೆಯಲು ಆಗಲಿಲ್ಲ ಅಂತ ಬರೆದಿತ್ತು.

ಸುಮ್ನೆ ದಿಟ್ಟಿಸಿ ನೋಡಿದೆ. ಐದು ಪ್ರಶ್ನಾರ್ಥಕ ಚಿಹ್ನೆ ಎಲ್ಲಿಂದ ಬಂತು? ಅಕ್ಕ ಲ್ಯಾಪ್‌ಟಾಪ್ ತಂದ ದಿನ ಅಕೌಂಟ್‌ಗೆ ಮಗನನ್ನು ಕರೆಯುವ ಹೆಸರೇ ಇಟ್ಟಿದ್ದಳು, ಕನ್ನಡದಲ್ಲೇ: ಪುಟ್ಟ. ನಮಗೆ ಎರಡೇ ಅಕ್ಷರ. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಪ, ಉಕಾರದ ಕೊಂಬು, ಟ, ಒತ್ತು ಕೂಡಿಸುವ ವಿರಾಮ, ಮತ್ತೆ ಟ. ಸರಿಯಾಗಿ ಐದು.

ಕಾರಣ ಹೀಗಿದೆ. ವಿಂಡೋಸ್ ಒಳಗೆ ಫೋಲ್ಡರ್ ಹೆಸರು ಯೂನಿಕೋಡ್‌ನಲ್ಲೇ ಇರುತ್ತದೆ, ಅಲ್ಲಿ ಕನ್ನಡಕ್ಕೆ ಏನೂ ತೊಂದರೆ ಇಲ್ಲ. ಆದರೆ ಹಳೇ ಪದ್ಧತಿಯಲ್ಲಿ ಬರೆದ ಪ್ರೋಗ್ರಾಮ್‌ಗಳು ಕೋಡ್ ಪೇಜ್ ಅನ್ನುವ ಅಕ್ಷರಗಳ ಪಟ್ಟಿಯ ಮೂಲಕ ಹೆಸರು ಕೇಳುತ್ತವೆ. ರಷ್ಯನ್‌ಗೆ 1251, ಥಾಯ್‌ಗೆ 874, ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿಗೆ 1252. ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ. ಪಟ್ಟಿಯಲ್ಲಿ ಸಿಗದ ಅಕ್ಷರವೆಲ್ಲ ಪ್ರಶ್ನಾರ್ಥಕವಾಗುತ್ತದೆ. ವಿಂಡೋಸ್‌ನಲ್ಲಿ ಆ ಚಿಹ್ನೆ ಇರುವ ಫೋಲ್ಡರ್ ಇರುವುದಕ್ಕೇ ಸಾಧ್ಯವಿಲ್ಲ. ಗೇಮ್ ಇಲ್ಲದ ಜಾಗವನ್ನು ಹುಡುಕುತ್ತದೆ. ಸಿಗಲಿಲ್ಲ ಅನ್ನುವುದನ್ನೂ ಗಮನಿಸದೆ ಮುಂದೆ ಹೋದರೆ ಕುಸಿಯದೆ ಇನ್ನೇನಾಗುತ್ತದೆ?

ಅನುಮಾನ ಸಾಲದು, ಪರೀಕ್ಷೆ ಬೇಕು ಅಲ್ವಾ. ಇಂಗ್ಲಿಷ್ ಅಕ್ಷರದಲ್ಲಿ ಹೊಸ ಲೋಕಲ್ ಅಕೌಂಟ್ ಮಾಡಿ ಅಲ್ಲಿಂದ ಗೇಮ್ ಒತ್ತಿದೆವು. ಮೆನು ಬಂತು, ಸಂಗೀತ ಬಂತು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟ.

ಫಾರ್ಮ್ಯಾಟ್ ಬೇಡ ಅನ್ನುವುದು ನನಗೆ ಇದಕ್ಕೇ. ಅಂಗಡಿಯಲ್ಲಿ ಎಲ್ಲ ಅಳಿಸಿ, ಹೊಸ ಅಕೌಂಟ್‌ಗೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರು ಕೊಟ್ಟಿದ್ದರೆ ಗೇಮ್ ಓಡುತ್ತಿತ್ತು. ಫೋಟೋಗಳೂ ಹೋಗುತ್ತಿದ್ದವು, ಕಾರಣವೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹಂಗಾದ್ರೆ ಹೆಸರು ಇಂಗ್ಲಿಷಿಗೆ ಬದಲಾಯಿಸಿಬಿಡೋ" ಅಂದಳು ಅಕ್ಕ, ಮಾವಿನಕಾಯಿ ಚಿತ್ರಾನ್ನದ ತಟ್ಟೆ ಕೈಗಿಡುತ್ತಾ. ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಾಯಿಸಿದರೆ ತೋರಿಸುವ ಹೆಸರಷ್ಟೇ ಬದಲಾಗುತ್ತದೆ, ಫೋಲ್ಡರ್ ಹಾಗೇ ಉಳಿಯುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಗೆ ಕೈಹಾಕಿ ಫೋಲ್ಡರ್ ಬದಲಾಯಿಸುವವರೂ ಇದ್ದಾರೆ. ನಾನು ಅದನ್ನು ಯಾರಿಗೂ ಹೇಳುವುದಿಲ್ಲ, ಬೇರೆ ಪ್ರೋಗ್ರಾಮ್‌ಗಳು ಕೈಕೊಡುತ್ತವೆ. ಅದಕ್ಕಿಂತ ಜಾಸ್ತಿಯಾಗಿ, ಕನ್ನಡದ ಹೆಸರು ಅಲ್ಲಿರಲೇಬೇಕು ಅನ್ನುವುದು ನನ್ನ ಆಸೆ. ತಪ್ಪು ಹೆಸರಿನದ್ದಲ್ಲ.

ಬೇರೆ ದಾರಿ ಇದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್, ಅಡ್ಮಿನಿಸ್ಟ್ರೇಟಿವ್, ಚೇಂಜ್ ಸಿಸ್ಟಮ್ ಲೊಕೇಲ್. ಅಲ್ಲಿ ಯುಟಿಎಫ್-8, ಅಂದರೆ ಕನ್ನಡವೂ ಸೇರಿದ ಯೂನಿಕೋಡ್ ಪಟ್ಟಿ, ಬಳಸು ಅನ್ನುವ ಚೌಕ ಇದೆ, ಪಕ್ಕದಲ್ಲಿ ಬೀಟಾ, ಅಂದರೆ ಇನ್ನೂ ಪ್ರಯೋಗದಲ್ಲಿದೆ, ಅಂತ ಬರೆದಿರುತ್ತದೆ. ಅದಕ್ಕೆ ಗುರುತು ಹಾಕಿ ರೀಸ್ಟಾರ್ಟ್ ಮಾಡಿದೆವು. ಪುಟ್ಟ ಅನ್ನುವ ಅಕೌಂಟ್‌ನಲ್ಲೇ ಗೇಮ್ ತೆರೆಯಿತು. ಕೆಲವು ಹಳೇ ಪ್ರೋಗ್ರಾಮ್‌ಗಳಲ್ಲಿ ಇದರಿಂದ ಅಕ್ಷರ ಕಲಸಿಹೋಗಬಹುದು. ಹಾಗಾದರೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡು ಅಂತ ಹೇಳಿ ಬಂದಿದ್ದೇನೆ.

ನಿಜವಾದ ರಿಪೇರಿ ಗೇಮ್ ಮಾಡಿದವರ ಕೈಯಲ್ಲಿದೆ. ವಿಂಡೋಸ್ 10ರ 1903 ಆವೃತ್ತಿಯಿಂದ ಈಚೆಗೆ, ಪ್ರೋಗ್ರಾಮ್‌ನ ಮ್ಯಾನಿಫೆಸ್ಟ್‌ನಲ್ಲಿ, ಅಂದರೆ ಅದನ್ನು ಹೇಗೆ ಓಡಿಸಬೇಕು ಅಂತ ವಿಂಡೋಸ್‌ಗೆ ಹೇಳುವ ಬರಹದಲ್ಲಿ, ಒಂದು ಸಾಲು ಸೇರಿಸಿದರೆ ಆ ಪ್ರೋಗ್ರಾಮ್ ಮಟ್ಟಿಗೆ ಯುಟಿಎಫ್-8 ಬಂದುಬಿಡುತ್ತದೆ. ನಾನೂ ಹುಡುಗನೂ ಕೂತು ಅವರಿಗೆ ಬರೆದೆವು. ಲಾಗ್ ಫೈಲ್, ಇವೆಂಟ್ ವ್ಯೂವರ್‌ನ ವಿವರ, ಇಂಗ್ಲಿಷ್ ಅಕೌಂಟ್‌ನಲ್ಲಿ ಓಡುತ್ತದೆ ಅನ್ನುವ ಮಾತು, ಮೂರನ್ನೂ ಸೇರಿಸಿ. ನಿಮ್ಮ ಮನೆಯಲ್ಲೂ ಅಕೌಂಟ್ ಹೆಸರು ಕನ್ನಡದಲ್ಲಿದ್ದು ಯಾವುದಾದರೂ ಗೇಮ್ ಹೀಗೆ ಮುಚ್ಚಿಕೊಂಡರೆ, ಅದನ್ನು ಮಾಡಿದವರಿಗೆ ನೀವೂ ಬರೆಯಿರಿ.