ಬೋರ್ಡಿನ ಮನೆ ಯಾರದು?

ಅಂಕೋಲೆಗೆ ಹೋದಾಗಲೆಲ್ಲ ದೊಡ್ಡಪ್ಪನ ಮಕ್ಕಳಲ್ಲಿ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ: “ಅಲ್ಲ ತಮಾ, ವಿಕ್ರೋಳಿಯ ಆ ಮನೆ ನಿನ್ನದೋ, ಸರಕಾರದ್ದೋ?” ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಕನ್ನಡಿಗ ಗೆಳೆಯರೂ ಇದನ್ನೇ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಬಾಯಲ್ಲಿ ಹೇಳಹೊರಟರೆ ಅರ್ಧಕ್ಕೇ ನಿಲ್ಲುವ ಉತ್ತರವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಇರುವುದು ಮುಂಬಯಿಯ ಉಪನಗರವಾದ ವಿಕ್ರೋಳಿ ಪೂರ್ವದ ಕನ್ನಮವಾರ್ ನಗರದಲ್ಲಿ. 1956ರ ನವೆಂಬರಿನವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಇದ್ದುದರಿಂದ, ಅಪ್ಪನ ಪೀಳಿಗೆಗೆ ಈ ಊರು ಪರಸ್ಥಳವಾಗಿರಲಿಲ್ಲ, ರಾಜಧಾನಿಯಾಗಿತ್ತು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಕೆಲವು ವರ್ಷಗಳಲ್ಲಿ ಅಪ್ಪನಿಗೆ ಸರಕಾರದ ಹೌಸಿಂಗ್ ಬೋರ್ಡಿನ ಖೋಲಿ, ಎಂದರೆ ಕೋಣೆ, ಬಾಡಿಗೆಗೆ ಸಿಕ್ಕಿತು. ಅದು ಅವರ ಸ್ವಂತ ಮನೆಯಲ್ಲ, ಆದರೆ ತಿಂಗಳ ಬಾಡಿಗೆ ಕಟ್ಟಿ ರಸೀದಿ ಪಡೆಯುತ್ತಿರುವವರೆಗೆ ಯಾರೂ ಎಬ್ಬಿಸುವಂತೆಯೂ ಇರಲಿಲ್ಲ. ಅಮ್ಮ ಆ ರಸೀದಿಗಳನ್ನು ದಪ್ಪ ಸೂಜಿಯಿಂದ ದಾರಕ್ಕೆ ಪೋಣಿಸಿ, ರೇಷನ್ ಕಾರ್ಡಿನ ಜೊತೆಗೆ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಮಳೆಗಾಲದಲ್ಲಿ ಗೋಡೆ ಸೋರತೊಡಗಿದರೆ ಮೊದಲು ಎತ್ತಿಡುತ್ತಿದ್ದದ್ದು ಆ ಡಬ್ಬಿಯನ್ನೇ.

ಬಡವರಿಗೆ, ಕಾರ್ಮಿಕರಿಗೆ ಸರಕಾರವೇ ಮನೆ ಕಟ್ಟುವುದು ಈ ನಗರದಲ್ಲಿ ಪ್ಲೇಗಿನಿಂದ ಆರಂಭವಾಯಿತು. 1896ರಲ್ಲಿ ಆ ರೋಗ ಬಂದಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಕೆಡವಿದಷ್ಟು ಮನೆಗಳನ್ನು ಕಟ್ಟಲಿಲ್ಲವೆಂಬ ದೂರು ಅದರ ಮೇಲೆ ಉಳಿದೇ ಇದೆ. 1933ರಲ್ಲಿ ಅದು ಮಹಾನಗರಪಾಲಿಕೆಯಲ್ಲಿ ಸೇರಿಹೋಗಿ, ಅದರ ಚಾಳಗಳಿಗೆ (ಸಾಲು ಖೋಲಿಗಳ ಬಾಡಿಗೆ ಕಟ್ಟಡಗಳಿಗೆ) ಪಾಲಿಕೆಯೇ ಒಡೆಯನಾಯಿತು. ಅಷ್ಟರಲ್ಲಿ, 1920ರಲ್ಲಿ ಹುಟ್ಟಿದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ (ಬಿಡಿಡಿ), ನಗರಕ್ಕೆ ಬರುವ ಹತ್ತಿಯ ಪ್ರತಿ ಮೂಟೆಗೆ ಒಂದು ರೂಪಾಯಿಯಂತೆ ಸುಂಕ ಎತ್ತಿ, ವರ್ಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಗಳಲ್ಲಿ 207 ಚಾಳಗಳನ್ನು ಕಟ್ಟಿತ್ತು. 50,000 ಖೋಲಿಗಳ ಯೋಜನೆ 16,000ಕ್ಕೂ ಸ್ವಲ್ಪ ಹೆಚ್ಚಿನ ಖೋಲಿಗಳಿಗೆ ನಿಂತಿತು. ಒಂದೊಂದು ಚಾಳಿನಲ್ಲಿ 80 ಖೋಲಿಗಳು, ಖೋಲಿಗೆ ಸುಮಾರು 160 ಚದರಡಿ. ಸಂಡಾಸು ಎಲ್ಲರಿಗೂ ಸೇರಿದ್ದು.

ಸ್ವಾತಂತ್ರ್ಯದ ನಂತರ, 1948ರ ಕಾಯಿದೆಯಿಂದ ಹೌಸಿಂಗ್ ಬೋರ್ಡ್ ಬಂತು. 1952ರಲ್ಲಿ ಕೇಂದ್ರ ಸರಕಾರ ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ಆರಂಭಿಸಿದ ಮೇಲೆ ಉಪನಗರಗಳಲ್ಲಿ ಬೋರ್ಡಿನ ವಸಾಹತುಗಳು ಎದ್ದವು. 1977ರಲ್ಲಿ ಬೋರ್ಡು ಮ್ಹಾಡಾ ಎಂಬ ರಾಜ್ಯದ ವಸತಿ ಪ್ರಾಧಿಕಾರದೊಳಗೆ ಸೇರಿತು. ನಮ್ಮಲ್ಲಿ ವಯಸ್ಸಾದವರು ಮಾತ್ರ ಇಂದಿಗೂ “ಬೋರ್ಡಿನ ಮನೆ” ಎಂದೇ ಹೇಳುತ್ತಾರೆ.

ನಿಜವಾದ ಬದಲಾವಣೆ ಇದರ ನಂತರದ್ದು. ಬಾಡಿಗೆಯಿಂದ ಬರುವ ಹಣ ದುರಸ್ತಿಗೂ ಸಾಲುತ್ತಿರಲಿಲ್ಲ. ಮನೆಯಲ್ಲಿದ್ದವರಿಗೆ ಅದು ತಮ್ಮದೇ ಆಗಬೇಕೆಂಬ ಆಸೆ ಸಹಜವಾಗಿಯೇ ಇತ್ತು. ಆದ್ದರಿಂದ ಒಂದೊಂದು ಕಟ್ಟಡದ ಬಾಡಿಗೆದಾರರೂ ಸೇರಿ ಸಹಕಾರಿ ಸೊಸೈಟಿ ಮಾಡಿಕೊಂಡು, ಹಳೆಯ ಬಾಕಿಯನ್ನೂ ಗೊತ್ತುಪಡಿಸಿದ ಬೆಲೆಯನ್ನೂ ಕಟ್ಟಿದರೆ, ಕಟ್ಟಡವನ್ನು ಸೊಸೈಟಿಯ ಹೆಸರಿಗೆ ಮಾಡಿಕೊಡುವ ಕ್ರಮ ಬಂತು. ಅಪ್ಪನ ಕೈಗೆ ಬಂದದ್ದು ಒಂದು ಶೇರ್ ಸರ್ಟಿಫಿಕೇಟ್: ಐವತ್ತು ರೂಪಾಯಿಯ ಐದು ಶೇರುಗಳು, ಒಟ್ಟು 250 ರೂಪಾಯಿ. ಮುಂಬಯಿಯಲ್ಲಿ ಮನೆಯ ಒಡೆತನವೆಂದರೆ ಬಹುಮಟ್ಟಿಗೆ ಈ ಕಾಗದವೇ. ಅದರ ಬೆನ್ನಿಗೆ ವರ್ಗಾವಣೆಯ ಕಾಲಂಗಳಿರುತ್ತವೆ. ನಮ್ಮದರಲ್ಲಿ ಅಪ್ಪನ ನಂತರ ಅಮ್ಮನ ಹೆಸರು, ಅಮ್ಮನ ನಂತರ ನನ್ನ ಹೆಸರು, ಪಕ್ಕದಲ್ಲಿ ಕಾರ್ಯದರ್ಶಿಯ ಸಹಿ ಮತ್ತು ಮಸುಕಾದ ನೇರಳೆ ಮೊಹರು ಇವೆ.

ಆದರೂ ಅಂಕೋಲೆಯ ಅಣ್ಣಂದಿರಿಗೆ ನಾನು “ನನ್ನದೇ” ಎಂದು ಒಂದೇ ಮಾತಿನಲ್ಲಿ ಹೇಳಲಾರೆ. ಮನೆಯಲ್ಲಿ ವಾಸಿಸುವ, ಮಾರುವ, ಮಕ್ಕಳಿಗೆ ಬಿಡುವ ಹಕ್ಕು ನನ್ನದು, ಕಟ್ಟಡ ಸೊಸೈಟಿಯದು, ನೆಲ ಇಂದಿಗೂ ಮ್ಹಾಡಾದ್ದು, ಸೊಸೈಟಿಗೆ ಅದು ಲೀಸಿನ ಮೇಲೆ ಸಿಕ್ಕಿದೆ. ಹೀಗಾಗಿ ಹಳೆಯ ಕಟ್ಟಡವನ್ನು ಕೆಡವಿ ಕಟ್ಟಬೇಕೆಂದರೆ ಸದಸ್ಯರ ಬಹುಮತ, ಬಿಲ್ಡರನ ಜೊತೆ ಒಪ್ಪಂದ, ಮ್ಹಾಡಾದ ಅನುಮತಿ ಎಲ್ಲವೂ ಬೇಕಾಗುತ್ತವೆ. ಊರಿನಲ್ಲಿ ಪಹಣಿಯಲ್ಲಿ ಹೆಸರಿದ್ದರೆ ಜಮೀನು ನಮ್ಮದು ಎಂದುಕೊಳ್ಳುವವರಿಗೆ ಈ ಲೆಕ್ಕ ವಿಚಿತ್ರವಾಗಿ ಕಾಣುವುದು ಸಹಜ.

ವರ್ಳಿಯ ಬಿಡಿಡಿ ಚಾಳಗಳು ಇದೇ ದಾರಿಯನ್ನು, ಕಟ್ಟಿದ ಸುಮಾರು ನೂರು ವರ್ಷಗಳ ಮೇಲೆ, ಹಿಡಿದಿವೆ. ಅಲ್ಲಿನವರು ಮೂರು ನಾಲ್ಕು ತಲೆಮಾರು ಸರಕಾರದ ಬಾಡಿಗೆದಾರರಾಗಿಯೇ ಉಳಿದರು. ಈಗ ಮ್ಹಾಡಾ ಚಾಳಗಳನ್ನು ಕೆಡವಿ, 160 ಚದರಡಿಯ ಖೋಲಿಗೆ ಬದಲಾಗಿ 500 ಚದರಡಿಯ ಸ್ವಂತ ಮನೆಯನ್ನು ಉಚಿತವಾಗಿ ಕೊಡುತ್ತಿದೆ. 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳಿಗೆ ಬೀಗದ ಕೈ ಸಿಕ್ಕಿತು. ನನಗೆ ಇದರಲ್ಲಿ ಸಂತೋಷವೇ ಇದೆ. ಸಾಲು ನಿಂತು ಸಂಡಾಸಿಗೆ ಹೋಗುವ ಬಾಳನ್ನು ಪರಂಪರೆಯ ಹೆಸರಿನಲ್ಲಿ ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ.

ನನ್ನನ್ನು ಕಾಡುವುದು ಬೇರೆ ವಿಷಯ. ಖೋಲಿಗಳು ಒಂದೊಂದಾಗಿ ಒಳಗಿದ್ದವರ ಸ್ವಂತದ್ದಾಗುತ್ತ ಹೋದಾಗ, ಮುಂದೆ ಬರುವವರಿಗೆಂದು ನಗರದ ಕೈಯಲ್ಲಿ ಬಾಡಿಗೆಯ ಮನೆಗಳು ಉಳಿಯಲಿಲ್ಲ. ಮ್ಹಾಡಾ ಈಗ ಮನೆಗಳನ್ನು ಲಾಟರಿಯಲ್ಲಿ ಮಾರುತ್ತದೆ. 1995ರಲ್ಲಿ ಬಂದ ಜೋಪಡಪಟ್ಟಿ (ಕೊಳೆಗೇರಿ) ಪುನರ್ವಸತಿ ಯೋಜನೆಯೂ ಒಡೆತನವನ್ನೇ ಕೊಡುತ್ತದೆ: ಮೊದಲು 225 ಚದರಡಿ, ಆಮೇಲೆ 269, ಈಗ 300 ಚದರಡಿಯ ಉಚಿತ ಮನೆ. ಗೊತ್ತುಪಡಿಸಿದ ದಿನಾಂಕದ ಮೊದಲು ಬಂದವರಿಗೆ ಮಾತ್ರ ಅದು ಸಿಗುತ್ತದೆ. ಅನಂತರ ಬಂದವರಿಗೆ ಉಚಿತ ಮನೆಯಿಲ್ಲ. ನಾವು ಒಡೆಯರಾದದ್ದು ನ್ಯಾಯವೇ, ಆದರೆ ಮಾರಿದ ಒಂದೊಂದು ಖೋಲಿಗೂ ಬದಲಾಗಿ ಇನ್ನೊಂದನ್ನು ಕಟ್ಟಿ ಬಾಡಿಗೆಗೇ ಇಡಬೇಕಾಗಿತ್ತೆಂದು ನಾನು ನಂಬಿದ್ದೇನೆ.

ಹೋದ ವರ್ಷ ದೊಡ್ಡಪ್ಪನ ಮೊಮ್ಮಗ ಕೆಲಸಕ್ಕೆಂದು ಇಲ್ಲಿಗೆ ಬಂದ. ಅವನ ಅಜ್ಜನ ತಮ್ಮನಿಗೆ ಸಿಕ್ಕಂತಹ ಖೋಲಿ ಎಲ್ಲಿ ಸಿಗುತ್ತದೆಂದು ಕೇಳಿದಾಗ ನನಗೆ ತೋರಿಸಲು ಜಾಗವಿರಲಿಲ್ಲ. ಎರಡು ವಾರ ಅಲೆದ ಮೇಲೆ ಅವನೂ ಮತ್ತಿಬ್ಬರು ಹುಡುಗರೂ ಸೇರಿ ಪುನರ್ವಸತಿ ಕಟ್ಟಡದ ಏಳನೆಯ ಮಹಡಿಯಲ್ಲಿ ಒಂದು ಮನೆಯನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಹಿಡಿದರು. ಆ ಮನೆಯನ್ನು ಸರಕಾರದ ಯೋಜನೆಯಲ್ಲಿ ಉಚಿತವಾಗಿ ಪಡೆದ ಕುಟುಂಬ ಅದರ ಬಾಡಿಗೆಯಿಂದಲೇ ಸಂಸಾರ ನಡೆಸುತ್ತ ದೂರದ ನಾಲಾಸೋಪಾರಾದಲ್ಲಿದೆ. ಹುಡುಗನಿಗೆ ಕರಾರು ಈ ಮಾರ್ಚಿಗೆ ಮುಗಿಯುತ್ತದೆ.