ಎಲೆ ಹಸಿರಾಗಿದ್ದರೂ ಬೇರು ಹಸಿದಿರಬಹುದು

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಮತ್ತು ಕಚೇರಿ ಆವರಣಗಳ ಮರಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಮರದ ಬಳಿ ಹೋದೊಡನೆ ತಲೆಯೆತ್ತಿ ಎಲೆಗಳನ್ನು ನೋಡುತ್ತಾರೆ. ನಾನು ಅವರಿಗೆ ಮೊದಲು ಕಾಂಡದ ಸುತ್ತ ಕೈಯಾಡಿಸಿ ತೊಗಟೆಯನ್ನು ಪರೀಕ್ಷಿಸಲು ಹೇಳುತ್ತೇನೆ. ಬ್ಯಾನರ್ ಕಟ್ಟಿದ ಬೈಂಡಿಂಗ್ ವೈರ್, ಸೀರಿಯಲ್ ಸೆಟ್ಟಿನ ತಂತಿ, ಸಸಿಯಾಗಿದ್ದಾಗ ಹಾಕಿ ಮರೆತ ಕಬ್ಬಿಣದ ಟ್ರೀ ಗಾರ್ಡ್, ಇವುಗಳಲ್ಲಿ ಒಂದಲ್ಲ ಒಂದು ತೊಗಟೆಯೊಳಗೆ ಹೂತುಹೋಗಿರುವುದು ನಗರದ ಮರಗಳಲ್ಲಿ ತೀರ ಅಪರೂಪವಲ್ಲ. "ಎಲೆ ಚೆನ್ನಾಗಿಯೇ ಇದೆಯಲ್ಲ ಸರ್" ಎಂದು ನಿವಾಸಿಗಳ ಸಂಘದವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅದು ಬೇರಿನ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ಬೇರು ಹೀರಿದ ನೀರು ಮತ್ತು ಲವಣಗಳು ಕಟ್ಟಿಗೆಯ ಭಾಗವಾದ ಕ್ಸೈಲಂನಲ್ಲಿ ಮೇಲೇರುತ್ತವೆ. ಎಲೆ ತಯಾರಿಸಿದ ಸಕ್ಕರೆಯು ತೊಗಟೆಯ ಒಳಪದರವಾದ ಫ್ಲೋಯಂನಲ್ಲಿ ಬೇರು, ಹಣ್ಣು, ಚಿಗುರುಗಳತ್ತ ಹರಿಯುತ್ತದೆ. ಬಾವಿಯ ಮೇಲಿಟ್ಟ ಪಂಪು ಸುಮಾರು 10 ಮೀಟರಿಗಿಂತ ಆಳದಿಂದ ನೀರನ್ನು ಹೀರಲಾರದೆಂಬುದು ಪ್ಲಂಬರುಗಳಿಗೆ ಗೊತ್ತು. ಅದಕ್ಕಿಂತ ಎಷ್ಟೋ ಎತ್ತರದ ಮಳೆಮರ ಮಾತ್ರ, ಸತ್ತ ಜೀವಕೋಶಗಳಿಂದಾದ ಕ್ಸೈಲಂ ನಾಳಗಳ ಮೂಲಕ, ಯಾವ ಪಂಪೂ ಇಲ್ಲದೆ ನೀರನ್ನು ತುದಿಗೆ ಒಯ್ಯುತ್ತದೆ: ಎಲೆಗಳಿಂದ ನೀರು ಆವಿಯಾದಂತೆಲ್ಲ ಒಂದನ್ನೊಂದು ಹಿಡಿದುಕೊಂಡ ನೀರಿನ ಅಣುಗಳ ಎಳೆ ಕೆಳಗಿನಿಂದ ಮೇಲಕ್ಕೆ ಜಗ್ಗಿಕೊಂಡು ಬರುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು 1894ರಲ್ಲಿ ಮುಂದಿಟ್ಟ ಈ ವಿವರಣೆಯೇ ಇಂದಿಗೂ ಹೆಚ್ಚು ಒಪ್ಪಿತವಾಗಿದೆ. ಫ್ಲೋಯಂ ಹಾಗಲ್ಲ, ಅದು ಜೀವಂತ ಅಂಗಾಂಶ. ಎಲೆಯ ಬಳಿ ಅದರೊಳಗೆ ಸಕ್ಕರೆ ತುಂಬಿದಾಗ ನೀರು ಒಳನುಗ್ಗಿ ಒತ್ತಡ ಹೆಚ್ಚುತ್ತದೆ. ಸಕ್ಕರೆ ಬಳಕೆಯಾಗುವ ಕಡೆ ಒತ್ತಡ ಕಡಿಮೆಯಿರುವುದರಿಂದ ರಸ ಅತ್ತ ಸಾಗುತ್ತದೆ.

ಬಿಗಿದ ತಂತಿ ಕತ್ತರಿಸುವುದು ಫ್ಲೋಯಮನ್ನು. ಒಳಗಿನ ಕ್ಸೈಲಂ ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದ ಎಲೆಗೆ ನೀರು ಎಂದಿನಂತೆ ತಲುಪುತ್ತದೆ, ಕೆಳಗಿಳಿಯಲಾರದ ಸಕ್ಕರೆ ತಂತಿಯ ಮೇಲ್ಭಾಗದಲ್ಲಿ ಸೇರಿ ಅಲ್ಲಿ ಕಾಂಡ ಊದಿಕೊಳ್ಳುತ್ತದೆ, ಬೇರು ತಾನು ಕೂಡಿಟ್ಟ ಪಿಷ್ಟದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದಿನ ದೂಡುತ್ತದೆ. ನಿಂಬೆ, ದಾಳಿಂಬೆಗಳಿಗೆ ಗೂಟಿ ಕಟ್ಟುವ ಮಾಲಿಗಳು ಇದನ್ನೇ ಬಳಸಿಕೊಳ್ಳುತ್ತಾರೆ: ಕೊಂಬೆಯ ತೊಗಟೆಯನ್ನು ಉಂಗುರದಂತೆ ತೆಗೆದು ಒದ್ದೆ ಪಾಚಿ ಸುತ್ತಿದರೆ ಗಾಯದ ಮೇಲಂಚಿನಲ್ಲಿ ಬೇರೊಡೆಯುತ್ತದೆ. ಕೊಂಬೆಗೆ ವರವಾದದ್ದು ಬುಡಕ್ಕೆ ಶಾಪ. ಬೇರು ಬಡವಾದ ಮೇಲೆ, ಸಾಮಾನ್ಯವಾಗಿ ಬಿರುಬೇಸಿಗೆಯಲ್ಲಿ, ಎಲೆ ಒಣಗಲು ತೊಡಗುತ್ತದೆ; ಆಗ ಎಲ್ಲರೂ ನೀರು ಸಾಲದೆಂದು ಟ್ಯಾಂಕರ್ ತರಿಸುತ್ತಾರೆ. ಹೀರುವ ಎಳೆಬೇರುಗಳೇ ಸತ್ತಿದ್ದರೆ ಆ ನೀರಿನಿಂದ ಪ್ರಯೋಜನವಿಲ್ಲ.

ನಮ್ಮ ದೇಹದಲ್ಲಿ ಇಷ್ಟು ತಡವಾಗಿ ತಿಳಿಯುವುದಿಲ್ಲ. ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುವುದರಿಂದ, ಬೆರಳಿಗೆ ದಾರ ಬಿಗಿದರೆ ಕೆಲವೇ ನಿಮಿಷಗಳಲ್ಲಿ ಬಣ್ಣ ಬದಲಾಗುತ್ತದೆ. ಮರದಲ್ಲಾದರೋ ಫ್ಲೋಯಂ ರಸ ಸಾಮಾನ್ಯವಾಗಿ ಗಂಟೆಗೆ ಒಂದು ಮೀಟರಿನ ಆಸುಪಾಸು ಚಲಿಸುತ್ತದೆ, ಮೇಲೇರಿದ ನೀರಿನ ಬಹುಪಾಲು ರಕ್ತದಂತೆ ಸುತ್ತಿ ಬರದೆ ಆವಿಯಾಗಿಯೇ ಹೋಗುತ್ತದೆ.

ತೆಂಗು ಈ ಲೆಕ್ಕಕ್ಕೆ ಬರುವುದಿಲ್ಲ. ಅದರ ನಾಳಗಳು ಕಾಂಡದ ತುಂಬ ಚದುರಿರುವುದರಿಂದ ಹತ್ತುವವರು ಕಡಿದ ಮೆಟ್ಟಿಲುಗಳಿಂದ ಅದು ಸಾಯದು, ಆದರೆ ಆ ಗಾಯ ಎಂದಿಗೂ ಮುಚ್ಚಿಕೊಳ್ಳುವುದಿಲ್ಲ.

ಹೂತುಹೋದ ತಂತಿಯನ್ನು ನಾವು ಜಗ್ಗಿ ಕೀಳುವುದಿಲ್ಲ. ಹೊರಗೆ ಕಾಣುವೆಡೆಗಳಲ್ಲಿ ತುಂಡರಿಸಿ ಬಿಗಿತ ಸಡಿಲಿಸುತ್ತೇವೆ. ಸುತ್ತಳತೆಯ ಅರ್ಧದಷ್ಟು ತೊಗಟೆ ಉಳಿದಿದ್ದರೆ ಮರ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿರುತ್ತದೆ. ಪೂರ್ತಿ ಉಂಗುರವೇ ಹೋಗಿದ್ದರೆ ಅದೇ ಮರದ ಎಳೆಗೊಂಬೆಗಳನ್ನು ಗಾಯದ ಮೇಲಿನಿಂದ ಕೆಳಕ್ಕೆ ಸೇತುವೆಯಂತೆ ಕಸಿ ಮಾಡಬಹುದು, ಆದರೆ ಅದಕ್ಕೆ ಮರ ಇನ್ನೂ ಹಸಿರಾಗಿರುವಾಗಲೇ ನಮ್ಮನ್ನು ಕರೆದಿರಬೇಕು.