ಸಿ ಕಲಿಯಲು ಯಾವ ಕಂಪೈಲರ್, ಯಾವ ಪುಸ್ತಕ?

8ರ ಫ್ಯಾಕ್ಟೋರಿಯಲ್ 40320. ನೀಲಿ ಪರದೆಯ ಟರ್ಬೊ ಸಿಯಲ್ಲಿ ಇಂಟ್ (ಪೂರ್ಣಾಂಕ ಹಿಡಿಯುವ ಬಗೆ) ಬಳಸಿ ಲೆಕ್ಕ ಹಾಕಿದರೆ ಬರುವುದು -25216. ಲೂಪ್ ಸರಿಯಾಗಿಯೇ ಇರುತ್ತದೆ, ಎಷ್ಟು ತಿದ್ದಿದರೂ ಉತ್ತರ ಮಾತ್ರ ಬದಲಾಗುವುದಿಲ್ಲ. ಟರ್ಬೊ ಸಿ ಡಾಸ್ ಕಾಲದ 16 ಬಿಟ್ ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಯಂತ್ರಭಾಷೆಗೆ ಮಾರ್ಪಡಿಸುವ ತಂತ್ರಾಂಶ. ಅದರ ಇಂಟ್ 2 ಬೈಟ್, ಹಿಡಿಯುವುದು 32767ರವರೆಗೆ ಮಾತ್ರ. 40320ರಲ್ಲಿ 65536 ಕಳೆದು ನೋಡಿ, ಆ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ಟರ್ಬೊ ಸಿಯನ್ನು ಡಾಸ್‌ಬಾಕ್ಸ್ (ಡಾಸ್ ಅನುಕರಿಸುವ ತಂತ್ರಾಂಶ) ಒಳಗೆ ಕೂರಿಸಿ ಇಂದಿಗೂ ಓಡಿಸುವ ಲ್ಯಾಬ್‌ಗಳಿವೆ. ಪರೀಕ್ಷೆ ಅಲ್ಲೇ ಇದ್ದರೆ ಅದಕ್ಕೆ ಬೇಕಾದಷ್ಟು ಬಳಸಿ. ಕಲಿಯುವುದಕ್ಕೆ ಮಾತ್ರ ಮನೆಯ ಕಂಪ್ಯೂಟರಿನಲ್ಲಿ ಜಿಸಿಸಿ ಎಂಬ ಇಂದಿನ ಕಂಪೈಲರ್ ಇರಲಿ.

ಉಬುಂಟು ಲಿನಕ್ಸ್‌ನಲ್ಲಿ ಬಿಲ್ಡ್-ಎಸೆನ್ಷಿಯಲ್ (ಜಿಸಿಸಿ ಬರುವುದು ಇದರಲ್ಲೇ) ಮತ್ತು ಜಿಡಿಬಿ (ದೋಷ ಹುಡುಕುವ ಡೀಬಗರ್) ಎಂಬ ಎರಡು ಪ್ಯಾಕೇಜ್ ಹಾಕಿಕೊಂಡರೆ ಸಾಕು. ವಿಂಡೋಸ್‌ನವರಿಗೆ ನನ್ನ ಸಲಹೆ ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ): ಅದರೊಳಗೆ ಉಬುಂಟು, ಅದರೊಳಗೆ ಇದೇ ಎರಡು ಪ್ಯಾಕೇಜ್. ಜಿಸಿಸಿಯ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯೂ ಹಾಕಿಕೊಂಡರೂ ಪ್ರೋಗ್ರಾಮ್ ಓಡುತ್ತದೆ, ಆದರೆ ಅಲ್ಲಿನ ಜಿಸಿಸಿಯಲ್ಲಿ ಮೆಮೊರಿಯ ತಪ್ಪುಗಳನ್ನು ಓಡುವಾಗಲೇ ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಸಿಗುವುದಿಲ್ಲ. ಹೊಸಬರಿಗೆ ಅತಿ ಹೆಚ್ಚು ಬೇಕಾದದ್ದೇ ಅದು. ಅರೇಯಲ್ಲಿ (ಒಂದೇ ಬಗೆಯ ಮೌಲ್ಯಗಳ ಸಾಲು) 10 ಜಾಗವಿದ್ದು 11ನೆಯದಕ್ಕೆ ಬರೆದರೆ ಸಾಮಾನ್ಯವಾಗಿ ಸಿ ತೆಪ್ಪಗಿರುತ್ತದೆ, ಇವತ್ತು ಓಡಿದ ಪ್ರೋಗ್ರಾಮ್ ನಾಳೆ ಬೀಳುತ್ತದೆ. ಸ್ಯಾನಿಟೈಸರ್ ಇದ್ದರೆ ಅಲ್ಲೇ ನಿಲ್ಲಿಸಿ ಸಾಲಿನ ಸಂಖ್ಯೆ ಹೇಳುತ್ತದೆ. ಜೊತೆಗೆ ಅನ್‌ಡಿಫೈನ್ಡ್ ಸ್ಯಾನಿಟೈಸರ್ ಕೂಡ ಇರಲಿ. 4 ಬೈಟ್ ಇಂಟ್‌ನಲ್ಲಿ 12ರ ಫ್ಯಾಕ್ಟೋರಿಯಲ್‌ವರೆಗೆ ಉತ್ತರ ಸರಿ, 13ಕ್ಕೆ ಕೆಡುತ್ತದೆ. ಕೆಟ್ಟದ್ದನ್ನು ಎತ್ತಿ ತೋರಿಸುವುದು ಇದೇ. ಅಡ್ರೆಸ್ ಸ್ಯಾನಿಟೈಸರ್‌ಗೆ ಸಾಲಿನ ಸಂಖ್ಯೆ ಸಿಗಬೇಕಾದರೆ ಕಂಪೈಲ್ ಮಾಡುವಾಗ ಡೀಬಗ್ ಮಾಹಿತಿಯ ಆಯ್ಕೆ 'ಜಿ' ಕೊಟ್ಟಿರಬೇಕು. ವಾರ್ನಿಂಗ್‌ಗಳಿಗೆ 'ಡಬ್ಲ್ಯೂ-ಆಲ್', 'ಡಬ್ಲ್ಯೂ-ಎಕ್ಸ್‌ಟ್ರಾ' ಎರಡನ್ನೂ ಮೊದಲ ದಿನದಿಂದಲೇ ಸೇರಿಸಿ. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್‌ನಲ್ಲಿ ಆಂಪರ್‌ಸ್ಯಾಂಡ್ (&) ಮರೆತದ್ದನ್ನು ಹಿಡಿಯುವುದು 'ಡಬ್ಲ್ಯೂ-ಆಲ್'.

ಎಡಿಟರ್ ಯಾವುದಾದರೂ ನಡೆದೀತು. ವಿಎಸ್ ಕೋಡ್ ಬರೀ ಎಡಿಟರ್, ಕಂಪೈಲರ್ ಅದರೊಳಗೆ ಬರುವುದಿಲ್ಲ ಎಂಬುದು ನೆನಪಿದ್ದರೆ ಆಯಿತು.

ಪುಸ್ತಕದ ಅಂಗಡಿಯಲ್ಲಿ ಎರಡು ನಿಮಿಷದ ಪರೀಕ್ಷೆ ಮಾಡಿ. ಮೊದಲ ಪ್ರೋಗ್ರಾಮ್‌ನಲ್ಲೇ ವಾಯ್ಡ್ ಮೇನ್, ಕೊನಿಯೋ ಹೆಡರ್, ಕ್ಲಿಯರ್ ಸ್ಕ್ರೀನ್ ಕಂಡರೆ ಅದು ಟರ್ಬೊ ಸಿಗೆ ಬರೆದ ಪುಸ್ತಕ. ಒಂದು ಸಾಲು ಇನ್‌ಪುಟ್ ಓದುವ ಗೆಟ್ಸ್ ಫಂಕ್ಷನ್ ಕಲಿಸುತ್ತಿದ್ದರೆ ವಾಪಸ್ ಇಡಿ. ಓದಿದ್ದನ್ನು ಇಡುವ ಜಾಗ, ಅಂದರೆ ಬಫರ್, ಎಷ್ಟು ದೊಡ್ಡದೆಂದು ಅದಕ್ಕೆ ತಿಳಿಸುವ ದಾರಿಯೇ ಇಲ್ಲ, ಆದ್ದರಿಂದಲೇ ಸಿ11 ಪ್ರಮಾಣದಿಂದ (ಸಿ ಭಾಷೆಯ 2011ರ ಅಧಿಕೃತ ನಿಯಮಾವಳಿ) ಅದನ್ನು ತೆಗೆದುಹಾಕಿದರು. ಐ ಪ್ಲಸ್‌ಪ್ಲಸ್ ಮತ್ತು ಪ್ಲಸ್‌ಪ್ಲಸ್ ಐ ಎರಡನ್ನೂ ಒಂದೇ ಎಕ್ಸ್‌ಪ್ರೆಶನ್‌ನಲ್ಲಿ ಕೂಡಿಸಿ 'ಔಟ್‌ಪುಟ್ ಏನು' ಎಂದು ಕೇಳುವ ಪುಸ್ತಕವೂ ಬೇಡ. ಆ ಪ್ರಶ್ನೆಗೆ ಸಿ ಭಾಷೆಯಲ್ಲಿ ಉತ್ತರವೇ ಇಲ್ಲ. ಬಾಯಿಪಾಠ ಮಾಡಿದ ಸಂಖ್ಯೆ ಒಂದು ಕಂಪೈಲರಿನದು, ಅಷ್ಟೇ.

ಪ್ರೋಗ್ರಾಮಿಂಗೇ ಹೊಸದಾದರೆ ಕೆ.ಎನ್. ಕಿಂಗ್ ಅವರ 'ಸಿ ಪ್ರೋಗ್ರಾಮಿಂಗ್: ಎ ಮಾಡರ್ನ್ ಅಪ್ರೋಚ್' ಕೊಳ್ಳಿ, 2008ರ ಎರಡನೇ ಆವೃತ್ತಿಯೇ ಆಗಲಿ, ಅದರಲ್ಲಿ 1999ರ ಪ್ರಮಾಣವಾದ ಸಿ99 ಇದೆ. ದಪ್ಪ ಪುಸ್ತಕ, ಪ್ರತಿ ಅಧ್ಯಾಯದ ಕೊನೆಯಲ್ಲಿ ಹೇರಳ ಅಭ್ಯಾಸಗಳು. ಅವನ್ನು ಬಿಟ್ಟು ಓದಿದರೆ ಹಾಕಿದ ದುಡ್ಡು ದಂಡ.

ಕರ್ನಿಘನ್ ಮತ್ತು ರಿಚಿ ಬರೆದ 'ದಿ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಪುಸ್ತಕದ ಎರಡನೇ ಆವೃತ್ತಿ 1988ರದು. ಅದರಷ್ಟು ಅಡಕವಾಗಿ, ಚೆಂದವಾಗಿ ಬರೆದ ತಾಂತ್ರಿಕ ಪುಸ್ತಕಗಳು ವಿರಳ. ಆದರೆ ವೇರಿಯಬಲ್, ಲೂಪ್, ಫಂಕ್ಷನ್‌ಗಳ ಪರಿಚಯ ಮೊದಲೇ ಇದೆಯೆಂದು ಅದು ನಂಬಿಕೊಂಡಿರುತ್ತದೆ, ಹಾಗಾಗಿ ಎರಡನೆಯದಾಗಿ ಓದಿ. ಓದುವಾಗ ಎರಡು ಕಡೆ ಎಡವುತ್ತೀರಿ. ಅಲ್ಲಿ ಮೇನ್‌ಗೆ ಮುಂಚೆ ಇಂಟ್ ಬರೆದಿಲ್ಲ. ಹಳೆಯ ಜಿಸಿಸಿ ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತಿತ್ತು, ಜಿಸಿಸಿ 14 ಒಪ್ಪುವುದಿಲ್ಲ. ಇಂಟ್ ಸೇರಿಸಿಕೊಳ್ಳಿ. ಇನ್ನು ಮೊದಲ ಅಧ್ಯಾಯದ ಗೆಟ್‌ಲೈನ್: ಲಿನಕ್ಸ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ಲೈಬ್ರರಿಯಲ್ಲೇ ಇರುವುದರಿಂದ 'ಕಾನ್‌ಫ್ಲಿಕ್ಟಿಂಗ್ ಟೈಪ್ಸ್' ಎಂಬ ಎರರ್ ಬರುತ್ತದೆ. ಪ್ರಮಾಣವನ್ನು ಸಿ11 ಎಂದು ಕೊಟ್ಟು ಕಂಪೈಲ್ ಮಾಡಿ, ಇಲ್ಲವೇ ನಿಮ್ಮ ಫಂಕ್ಷನ್ನಿಗೆ ಬೇರೆ ಹೆಸರಿಡಿ.